ಓಡುವ ಬಾಟಲಿ ಮುಚ್ಚಳದ ಸ್ಪಷ್ಟ ಫೋಟೊ: ಟ್ರಿಗರ್, ಎಕ್ಸ್‌ಪೋಶರ್ ಹೊಂದಿಸುವುದು ಹೇಗೆ?

ಬೆಲ್ಟಿನ ಮೇಲೆ ಬಾಟಲಿಗಳು ಸಾಲಾಗಿ ಬರುತ್ತಿವೆ. ಮುಚ್ಚಳದ ಮೇಲಿನ ತಾರೀಖನ್ನು ಕ್ಯಾಮೆರಾ ಓದಬೇಕು. ಬೆಲ್ಟಿನ ವೇಗ ಸೆಕೆಂಡಿಗೆ 1 ಮೀಟರ್ ಎಂದುಕೊಳ್ಳಿ. ಅಂದರೆ ಪ್ರತಿ ಮಿಲಿಸೆಕೆಂಡಿಗೆ ಬಾಟಲಿ 1 ಮಿ.ಮೀ. ಮುಂದೆ ಹೋಗಿರುತ್ತದೆ. ಉಳಿದ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಎಕ್ಸ್‌ಪೋಶರ್ ಅಂದರೆ ಶಟರ್ ತೆರೆದಿರುವ ಹೊತ್ತು; ಗೇನ್ ಅಂದರೆ ಸಿಗ್ನಲ್ ಹಿಗ್ಗಿಸಿ ಚಿತ್ರವನ್ನು ಬೆಳ್ಳಗೆ ಮಾಡುವುದು. ಮೊದಲು ಆಟೊ ಎಕ್ಸ್‌ಪೋಶರ್, ಆಟೊ ಗೇನ್ ಎರಡನ್ನೂ ಆಫ್ ಮಾಡಿ. ಕ್ಯಾಮೆರಾ 200 ಮಿ.ಮೀ. ಅಗಲವನ್ನು 2000 ಪಿಕ್ಸೆಲ್‌ಗಳಲ್ಲಿ ನೋಡುತ್ತಿದ್ದರೆ, ಒಂದು ಪಿಕ್ಸೆಲ್‌ಗೆ 0.1 ಮಿ.ಮೀ. ಮಸುಕು ಅಷ್ಟರೊಳಗೇ ಇರಬೇಕು ಅಂದರೆ ಎಕ್ಸ್‌ಪೋಶರ್ 100 ಮೈಕ್ರೋಸೆಕೆಂಡ್ ದಾಟಬಾರದು. ಅದು ಜಾಸ್ತಿಯಾದರೆ ಸಣ್ಣ ಅಕ್ಷರದ 8ರ ಎರಡೂ ಕಣ್ಣು ಮುಚ್ಚಿಹೋಗುತ್ತವೆ. ಇಡೀ ಚಿತ್ರವನ್ನು ಒಂದೇ ಸಲ ಹಿಡಿಯುವ ಗ್ಲೋಬಲ್ ಶಟರ್ ಇರುವ ಕ್ಯಾಮೆರಾನೇ ತೆಗೆದುಕೊಳ್ಳಿ. ಸಾಲು ಸಾಲಾಗಿ ಹಿಡಿಯುವ ರೋಲಿಂಗ್ ಶಟರ್‌ನಲ್ಲಿ ದುಂಡನೆಯ ಮುಚ್ಚಳ ಸೊಟ್ಟಗೆ ಬರುತ್ತದೆ.

ಇಷ್ಟು ಕಡಿಮೆ ಹೊತ್ತಿಗೆ ಚಿತ್ರ ಕಪ್ಪಾಗುತ್ತದೆ. ಆಗ ಗೇನ್ ಏರಿಸಬೇಡಿ, ಚಿತ್ರವೆಲ್ಲ ಮರಳು ಮರಳಾಗುತ್ತದೆ. ಬೆಳಕನ್ನೇ ಹೆಚ್ಚಿಸಿ. ಕ್ಯಾಮೆರಾದ ಸ್ಟ್ರೋಬ್ ಔಟ್‌ಪುಟ್ ಅನ್ನು ಎಲ್‌ಇಡಿ ಕಂಟ್ರೋಲರ್‌ಗೆ ಜೋಡಿಸಿದರೆ ಶಟರ್ ತೆರೆದಿರುವಷ್ಟು ಹೊತ್ತು ಮಾತ್ರ ಲೈಟ್ ಜೋರಾಗಿ ಮಿನುಗುತ್ತದೆ.

ಈಗ ಟ್ರಿಗರ್, ಅಂದರೆ ಫೋಟೊ ತೆಗೆ ಎಂದು ಕ್ಯಾಮೆರಾಗೆ ಹೇಳುವ ಸಿಗ್ನಲ್. ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಒಂದು ಲೈನಿನಲ್ಲಿ, ಬಾಟಲಿ ಬಂದದ್ದನ್ನು ಗುರುತಿಸುವ ಸೆನ್ಸರ್‌ನ ಸಿಗ್ನಲ್ಲನ್ನು ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಮೂಲಕ ಕ್ಯಾಮೆರಾಗೆ ಕೊಟ್ಟಿದ್ದೆ. ಮುಚ್ಚಳ ಒಂದು ಚಿತ್ರದಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಎರಡು ದಿನ ಲೆನ್ಸ್, ಸ್ಟ್ಯಾಂಡ್ ಎಲ್ಲ ಬಿಗಿ ಮಾಡಿದೆ. ತಪ್ಪು ಅಲ್ಲಿರಲೇ ಇಲ್ಲ. ಪಿಎಲ್‌ಸಿ ಒಂದು ಸುತ್ತು ಮುಗಿಸಲು 5 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಸಿಗ್ನಲ್ ಆ ಸುತ್ತಿನ ನಡುವೆ ಎಲ್ಲಿ ಬೇಕಾದರೂ ಬರಬಹುದು, ಅಲ್ವಾ? ಅಲ್ಲಿಗೆ ಮುಚ್ಚಳ 5 ಮಿ.ಮೀ. ತನಕ ಜರುಗಿತು. ಸೆನ್ಸರ್ ವೈರನ್ನು ನೇರವಾಗಿ ಕ್ಯಾಮೆರಾದ ಇನ್‌ಪುಟ್‌ಗೆ ಹಾಕಿದ ಮೇಲೆ ಮುಚ್ಚಳ ಒಂದೇ ಜಾಗದಲ್ಲಿ ನಿಂತಿತು. ಆದರೆ ಆ ಇನ್‌ಪುಟ್ 24 ವೋಲ್ಟ್ ತಡೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. 3.3 ವೋಲ್ಟಿನ ಪಿನ್‌ಗೆ 24 ಕೊಟ್ಟರೆ ಕ್ಯಾಮೆರಾ ಸುಟ್ಟುಹೋಗುತ್ತದೆ.

ಸೆಟ್ಟಿಂಗ್‌ನಲ್ಲಿ ಟ್ರಿಗರ್ ಮೋಡ್ ಆನ್, ಸೋರ್ಸ್ ಲೈನ್ 1 (ಸೆನ್ಸರ್ ವೈರ್ ಹಾಕಿದ ಇನ್‌ಪುಟ್), ಆಕ್ಟಿವೇಶನ್ ರೈಸಿಂಗ್ ಎಡ್ಜ್ (ಸಿಗ್ನಲ್ ಏರುವ ಕ್ಷಣ). ಸೆನ್ಸರ್ ಕ್ಯಾಮೆರಾಗಿಂತ 50 ಮಿ.ಮೀ. ಮುಂಚೆ ಇದ್ದರೆ ಡಿಲೇ 50 ಮಿಲಿಸೆಕೆಂಡ್. ಬೆಲ್ಟಿನ ವೇಗ ಏರಿಳಿಯುತ್ತಿದ್ದರೆ ಈ ಡಿಲೇ ನಂಬಬೇಡಿ, ಬೆಲ್ಟ್ ಎಷ್ಟು ದೂರ ಸರಿಯಿತೆಂದು ಅಳೆಯುವ ಎನ್‌ಕೋಡರ್ ಹಾಕಿ. ಒಂದೇ ಬಾಟಲಿಗೆ ಎರಡು ಫೋಟೊ ಬರುತ್ತಿದ್ದರೆ ಡಿಬೌನ್ಸ್ (ಸಿಗ್ನಲ್‌ನ ಕ್ಷಣಿಕ ಅಲುಗಾಟವನ್ನು ಕಡೆಗಣಿಸುವ ಹೊತ್ತು) ಸ್ವಲ್ಪ ಹೆಚ್ಚಿಸಿ.

ಕೊನೆಗೆ 100 ಬಾಟಲಿ ಓಡಿಸಿ. ಫೋಟೊ 100ಕ್ಕಿಂತ ಕಡಿಮೆ ಬಂದರೆ ಕೆಲವು ಟ್ರಿಗರ್ ತಪ್ಪಿಹೋಗಿವೆ. ಹಿಂದಿನ ಚಿತ್ರ ಕ್ಯಾಮೆರಾದೊಳಗಿನ ಇಮೇಜ್ ಸೆನ್ಸರ್‌ನಿಂದ ಹೊರಬರುವ ಮೊದಲೇ ಮುಂದಿನ ಬಾಟಲಿ ಬರುತ್ತಿದೆಯೇ ನೋಡಿ. ಲೆಕ್ಕ ಸರಿಯಿದ್ದು ಮುಚ್ಚಳ ಅತ್ತಿತ್ತ ಜರುಗಿದರೆ ಟ್ರಿಗರ್ ವೈರಿಂಗ್ ನೋಡಿ. ಜಾಗದಲ್ಲೇ ಇದ್ದು ತಾರೀಖು ಉದ್ದಕ್ಕೆ ಎಳೆದಂತೆ ಕಂಡರೆ ಎಕ್ಸ್‌ಪೋಶರ್ ಇಳಿಸಿ.