ಭುಜದ ಬ್ಲಾಕ್‌ಗೆ ಯಾವ ಔಷಧ: ಗಡಿಯಾರ ನೋಡಿ ಆರಿಸಲು ಕಲಿತದ್ದು

ಕಲಬುರಗಿಯ ಒಂದು ಮೂಳೆ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ತಜ್ಞನಾಗಿ ಕೆಲಸ ಮಾಡುತ್ತೇನೆ. ಬೈಕಿನಿಂದ ಬಿದ್ದು ರಟ್ಟೆಯ ಮೂಳೆ ಮುರಿದುಕೊಂಡವರು, ತೊಗರಿ ರಾಶಿಯ ದಿನಗಳಲ್ಲಿ ಟ್ರ್ಯಾಕ್ಟರಿನಿಂದ ಜಾರಿ ಬಿದ್ದವರು, ಶಹಾಬಾದ್ ಕಡೆಯ ಕಲ್ಲುಗಣಿಗಳಲ್ಲಿ ವರ್ಷಗಟ್ಟಲೆ ಹಾಸುಗಲ್ಲು ಎತ್ತಿ ಭುಜದ ಸ್ನಾಯುರಜ್ಜು ಹರಿದುಕೊಂಡವರು ನಮ್ಮ ಓಟಿಗೆ (ಆಪರೇಷನ್ ಕೋಣೆಗೆ) ಬರುತ್ತಲೇ ಇರುತ್ತಾರೆ. ಭುಜದ ಶಸ್ತ್ರಚಿಕಿತ್ಸೆಯ ನಂತರದ ನೋವು ಬಹಳ ಕಠಿಣವಾದದ್ದು. ಅದನ್ನು ತಡೆಯಲು ಕುತ್ತಿಗೆಯ ಬದಿಯಲ್ಲಿ ನರಗಳ ಸುತ್ತ ಮರಗಟ್ಟಿಸುವ ಔಷಧ ಹಾಕುವ ಇಂಟರ್‌ಸ್ಕೇಲೀನ್ ಬ್ಲಾಕ್‌ಗಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಆದರೆ ಯಾವ ಔಷಧ, ಎಷ್ಟು ಮಿಲಿ ಎಂಬುದನ್ನು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಕುತ್ತಿಗೆಯಲ್ಲಿ ಮುಂದಿನ ಮತ್ತು ನಡುವಿನ ಸ್ಕೇಲೀನ್ ಸ್ನಾಯುಗಳ ಸಂದಿನಲ್ಲಿ ಐದು, ಆರು ಮತ್ತು ಏಳನೆಯ ಕತ್ತಿನ ನರಮೂಲಗಳು ಒಂದರ ಕೆಳಗೊಂದು ಇಳಿದು ಬರುತ್ತವೆ. ಅಲ್ಟ್ರಾಸೌಂಡ್ ಪರದೆಯಲ್ಲಿ ಅವು ಮೂರು ಕಪ್ಪು ಗುಂಡುಗಳಾಗಿ, ಸಿಗ್ನಲ್ ಕಂಬದ ದೀಪಗಳಂತೆ ಸಾಲಾಗಿ ಕಾಣುತ್ತವೆ. ಈ ಬ್ಲಾಕ್ ಅನ್ನು 1970ರಲ್ಲಿ ಅಮೆರಿಕದ ಆಲನ್ ವಿನ್ನಿ ವಿವರಿಸಿದಾಗ ಕೈಬೆರಳಿನಿಂದ ಸಂದು ಹುಡುಕಿ ಸೂಜಿ ಹಾಕಬೇಕಿತ್ತು. ನಾನು ಕಲಿತದ್ದು ನರಪ್ರಚೋದಕ ಯಂತ್ರದಿಂದ: ಕರೆಂಟನ್ನು 0.5 ಮಿಲಿ ಆಂಪಿಯರ್‌ಗೆ ಇಳಿಸಿದರೂ ಭುಜದ ಸ್ನಾಯು ಎಗರುತ್ತಿದ್ದರೆ ಸೂಜಿ ಸರಿಯಾದ ಜಾಗದಲ್ಲಿದೆ ಎಂದರ್ಥ. ನರವೇ ಕಾಣದ ಆ ದಿನಗಳಲ್ಲಿ ಔಷಧ ಹೆಚ್ಚು ಹಾಕುವುದೇ ಧೈರ್ಯವಾಗಿತ್ತು. ಅಲ್ಟ್ರಾಸೌಂಡ್ ಯಂತ್ರ ಓಟಿಗೆ ಬಂದ ಮೇಲಷ್ಟೇ ಪ್ರಮಾಣ ಇಳಿಸಲು ನನಗೆ ಸಾಧ್ಯವಾಯಿತು.

ಆರಂಭದಲ್ಲಿ ನನ್ನ ಔಷಧ ಒಂದೇ: 0.5 ಶೇಕಡಾ ಬುಪಿವಕೇನ್, 20 ಮಿಲಿಯ ಇಡೀ ಬಾಟಲಿ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ತುಂಬ ಹೊತ್ತು ನಿಲ್ಲುತ್ತದೆ. ಆದರೆ ಆ ಬಾಟಲಿಯಲ್ಲಿ 100 ಮಿಲಿಗ್ರಾಂ ಇರುತ್ತದೆ, ಸುರಕ್ಷಿತ ಮಿತಿಯನ್ನು ನಾವು ಪ್ರತಿ ಕೆಜಿಗೆ 2 ಮಿಲಿಗ್ರಾಂ ಎಂದು ಹಿಡಿಯುತ್ತೇವೆ, ಮತ್ತು ನಮ್ಮ ಹಳ್ಳಿಗಳಿಂದ ಬರುವ ಎಷ್ಟೋ ಹೆಣ್ಣುಮಕ್ಕಳ ತೂಕ 50 ಕೆಜಿಯನ್ನು ದಾಟುವುದಿಲ್ಲ. ಅಂದರೆ ಬಾಟಲಿ ಖಾಲಿ ಮಾಡಿದ ಕ್ಷಣಕ್ಕೆ ನಾನು ಮಿತಿಯ ಅಂಚಿಗೆ ಬಂದು ನಿಂತಿರುತ್ತಿದ್ದೆ. ಬುಪಿವಕೇನ್ ಹೃದಯದ ವಿದ್ಯುತ್ ಸಂಕೇತಗಳನ್ನು ಸಾಗಿಸುವ ಸೋಡಿಯಂ ಚಾನೆಲ್‌ಗಳಿಗೆ ಬೇಗ ಅಂಟಿಕೊಳ್ಳುತ್ತದೆ, ಬಿಡುವಾಗ ನಿಧಾನಿಸುತ್ತದೆ. ಆಕಸ್ಮಿಕವಾಗಿ ರಕ್ತನಾಳಕ್ಕೆ ಹೋದರೆ ನಿಂತ ಹೃದಯವನ್ನು ಮತ್ತೆ ಎಬ್ಬಿಸುವುದು ಬಹಳ ಕಷ್ಟ. 1979ರಲ್ಲಿ ಜಾರ್ಜ್ ಆಲ್‌ಬ್ರೈಟ್ ಬರೆದ ಸಂಪಾದಕೀಯವು ಈ ಅಪಾಯದತ್ತ ಅರಿವಳಿಕೆ ಲೋಕದ ಕಣ್ಣು ತೆರೆಸಿತು; ಕಡಿಮೆ ಅಪಾಯದ ಔಷಧದ ಹುಡುಕಾಟದಲ್ಲಿಯೇ ಮುಂದೆ ರೋಪಿವಕೇನ್ ಬಂದಿತು. ಬುಪಿವಕೇನ್‌ನಲ್ಲಿ ಕನ್ನಡಿಯ ಬಿಂಬಗಳಂತಿರುವ ಎರಡು ರೂಪದ ಅಣುಗಳು ಸಮಸಮವಾಗಿ ಬೆರೆತಿರುತ್ತವೆ. ರೋಪಿವಕೇನ್‌ನಲ್ಲಿ ಇರುವುದು ಹೃದಯಕ್ಕೆ ಕಡಿಮೆ ತೊಂದರೆ ಕೊಡುವ ಎಡರೂಪ ಮಾತ್ರ.

ಇಷ್ಟೆಲ್ಲ ಓದಿ ತಿಳಿದಿದ್ದರೂ ನಾನು ಔಷಧ ಬದಲಾಯಿಸಲು ಕಾರಣರಾದವರು ಇಬ್ಬರು ರೋಗಿಗಳು.

ಮೊದಲನೆಯವರು ಚಿತ್ತಾಪುರ ಕಡೆಯ ಗಣಿ ಕೆಲಸಗಾರರು. ಬೆಳಿಗ್ಗೆ 11ಕ್ಕೆ ಬ್ಲಾಕ್ ಕೊಟ್ಟೆ, ರಟ್ಟೆಯ ಮೂಳೆಗೆ ಪ್ಲೇಟ್ ಹಾಕಿದ್ದಾಯಿತು, ಸಂಜೆ ನಗುತ್ತ ಜೋಳದ ರೊಟ್ಟಿ ತಿಂದರು. ನಾನು ಸಮಾಧಾನದಿಂದ ಮನೆಗೆ ಹೋದೆ. ರಾತ್ರಿ 2ಕ್ಕೆ ವಾರ್ಡಿನಿಂದ ಫೋನ್ ಬಂತು. ಹೋಗಿ ನೋಡಿದರೆ ಅವರು ಹಾಸಿಗೆಯ ಅಂಚಿನಲ್ಲಿ ಕುಳಿತು, ಆಪರೇಷನ್ ಆದ ಕೈಯನ್ನು ಇನ್ನೊಂದು ಕೈಯಿಂದ ಎದೆಗೆ ಅವುಚಿಕೊಂಡು ಹಿಂದೆ ಮುಂದೆ ತೂಗುತ್ತಿದ್ದರು. "ಸಾಹೇಬ್ರ, ಹಗಲೆಲ್ಲ ಕೈ ನಂದಲ್ಲ ಅನಿಸಿತ್ತು, ಈಗ ಬೆಂಕಿ ಇಟ್ಟಂಗ ಆಗಲತ್ತದ್ರಿ, ಏನರೆ ಮಾಡ್ರಿ" ಎಂದರು. ಬ್ಲಾಕ್ ಒಮ್ಮೆಲೇ ಇಳಿದಾಗ ಮರುಕಳಿಸುವ ಈ ನೋವು, ಬ್ಲಾಕ್ ಇಲ್ಲದವರಿಗೆ ಆಗುವ ನೋವಿಗಿಂತ ಉಗ್ರವೆನಿಸುತ್ತದೆ, ಏಕೆಂದರೆ ಮೈ ಅದಕ್ಕೆ ಸ್ವಲ್ಪವೂ ಸಿದ್ಧವಾಗಿರುವುದಿಲ್ಲ. ವಾರ್ಡಿನಲ್ಲಿ ಆಗ ಇದ್ದದ್ದು ಒಬ್ಬರೇ ಸಿಸ್ಟರ್, ನೋವಿನ ಗುಳಿಗೆಯನ್ನು ಯಾರೂ ಮುಂಚಿತವಾಗಿ ಬರೆದಿರಲಿಲ್ಲ. ಬರೆಯಬೇಕಾದವನು ನಾನೇ.

ಎರಡನೆಯವರು ಆಳಂದ ತಾಲ್ಲೂಕಿನ ಹಿರಿಯರು, ಬೀಡಿ ಸೇದಿ ಶ್ವಾಸಕೋಶ ಹಾಳಾಗಿತ್ತು. ಅದೇ 20 ಮಿಲಿ ಬುಪಿವಕೇನ್ ಹಾಕಿ ಕಾಲು ಗಂಟೆಯಾಗುವಷ್ಟರಲ್ಲಿ "ಉಸುರು ಒಳಗ ಹೋಗಲೊಲ್ದ್ರಿ" ಎಂದು ನನ್ನ ಕೈ ಹಿಡಿದರು. ಉಸಿರಾಟದ ಮುಖ್ಯ ಸ್ನಾಯುವಾದ ಡಯಾಫ್ರಾಮ್ ಅನ್ನು ಆಡಿಸುವ ಫ್ರೆನಿಕ್ ನರ ಮುಂದಿನ ಸ್ಕೇಲೀನ್ ಸ್ನಾಯುವಿನ ಮೇಲೆಯೇ ಇಳಿಯುತ್ತದೆ, ಆದ್ದರಿಂದ 20 ಮಿಲಿ ಹಾಕಿದಾಗ ಆ ಬದಿಯ ಡಯಾಫ್ರಾಮ್ ಸ್ತಬ್ಧವಾಗುವುದು ಹೆಚ್ಚುಕಡಿಮೆ ಖಚಿತ. ಗಟ್ಟಿ ಶ್ವಾಸಕೋಶದವರಿಗೆ ಅದು ಗೊತ್ತೂ ಆಗುವುದಿಲ್ಲ, ಈ ಹಿರಿಯರಿಗೆ ಮಾತ್ರ ಅದು ಅರ್ಧ ಉಸಿರನ್ನೇ ಕಿತ್ತುಕೊಂಡಂತಾಯಿತು. ಕೂರಿಸಿ ಆಕ್ಸಿಜನ್ ಕೊಟ್ಟು, ಅಂದಿನ ಆಪರೇಷನ್ ಮುಂದೂಡಿ, ಮರುದಿನ ಬೆಳಗಿನ ಜಾವದವರೆಗೆ ಅವರ ಪಕ್ಕದಲ್ಲಿದ್ದೆ. ದೀರ್ಘಕಾಲ ನಿಲ್ಲುವ ಔಷಧ ಎಂದರೆ ನೋವಿಲ್ಲದ ಅವಧಿ ದೀರ್ಘ ಎಂದಷ್ಟೇ ಅಲ್ಲ, ಡಯಾಫ್ರಾಮ್ ಅಲುಗದ ಅವಧಿಯೂ ಅಷ್ಟೇ ದೀರ್ಘ ಎಂಬುದನ್ನು ಆ ರಾತ್ರಿ ಗಂಟೆಗಂಟೆಗೂ ಎಣಿಸಿದೆ.

ನಡುವೆ ಕೆಲವು ಕಾಲ, ಬೇಗ ಹತ್ತಿ ಬೇಗ ಇಳಿಯುವ ಲಿಗ್ನೋಕೇನ್ ಬೆರೆಸಿ ನೋಡಿದೆ. ಬ್ಲಾಕ್ ಹತ್ತಲು ಬುಪಿವಕೇನ್ ತೆಗೆದುಕೊಳ್ಳುವ 20ರಿಂದ 30 ನಿಮಿಷ ಸರ್ಜನ್‌ಗೆ ದೊಡ್ಡ ಕಾಯುವಿಕೆ. 2 ಶೇಕಡಾ ಲಿಗ್ನೋಕೇನ್ 10 ಮಿಲಿ ಮತ್ತು 0.5 ಶೇಕಡಾ ಬುಪಿವಕೇನ್ 10 ಮಿಲಿ ಸೇರಿಸಿದರೆ ಎರಡೂ ತಮ್ಮ ಅರ್ಧ ಬಲಕ್ಕೆ ಇಳಿಯುತ್ತವೆ. ಶುರುವಿನಲ್ಲಿ ಉಳಿತಾಯವಾಗುವುದು ಕೆಲವೇ ನಿಮಿಷ, ಕೊನೆಯಲ್ಲಿ ಕಳೆದುಹೋಗುವುದು ಗಂಟೆಗಳು, ಮತ್ತು ಎರಡರ ವಿಷಪ್ರಭಾವವಂತೂ ಕೂಡಿಕೊಳ್ಳುತ್ತದೆ. ಇದನ್ನು ಬಿಟ್ಟುಬಿಟ್ಟೆ. ರೋಗಿಯನ್ನು ಅರ್ಧ ಗಂಟೆ ಮೊದಲೇ ಓಟಿಯ ಪಕ್ಕದ ಕೋಣೆಗೆ ಕರೆಸಿ ಬ್ಲಾಕ್ ಕೊಟ್ಟರೆ ಆ ನಿಮಿಷಗಳ ಪ್ರಶ್ನೆಯೇ ಏಳುವುದಿಲ್ಲ.

ಈಗ ಹೆಚ್ಚಿನವರಿಗೆ ನಾನು ಅಲ್ಟ್ರಾಸೌಂಡ್ ನೋಡಿಕೊಂಡು 0.5 ಶೇಕಡಾ ರೋಪಿವಕೇನ್ 10 ಮಿಲಿ ಹಾಕುತ್ತೇನೆ. ಅದು 50 ಮಿಲಿಗ್ರಾಂ ಮಾತ್ರ. ಪ್ರತಿ ಕೆಜಿಗೆ 3 ಮಿಲಿಗ್ರಾಂ ಎಂಬ ಅದರ ಮಿತಿಗೆ 50 ಕೆಜಿಯವರಲ್ಲಿಯೂ ಬಹಳ ದೂರ. ಪ್ರಮಾಣ ಇಳಿಸುವುದರಿಂದ ಉಸಿರಿಗೂ ಲಾಭವಿದೆ: 2008ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ 20 ಮಿಲಿ ಪಡೆದ ಎಲ್ಲರಲ್ಲಿಯೂ ಡಯಾಫ್ರಾಮ್ ಸ್ತಬ್ಧವಾಗಿದ್ದರೆ, 5 ಮಿಲಿ ಪಡೆದವರಲ್ಲಿ ಅದು 45 ಶೇಕಡಾಕ್ಕೆ ಇಳಿದಿತ್ತು, ನೋವು ಶಮನದಲ್ಲಿ ಕೊರತೆಯಾಗಿರಲಿಲ್ಲ. ಶೂನ್ಯವಾಗಲಿಲ್ಲ ಎಂಬುದನ್ನು ಮರೆಯಬಾರದು. ಶ್ವಾಸಕೋಶ ದುರ್ಬಲವಿರುವವರಿಗೆ ನಾನು ಕುತ್ತಿಗೆಯ ಬ್ಲಾಕ್ ಬಿಟ್ಟು, ಭುಜದ ಹಲಗೆಯ ಹಿಂದೆ ಸುಪ್ರಾಸ್ಕ್ಯಾಪುಲರ್ ನರಕ್ಕೆ ಮತ್ತು ಆಕ್ಸಿಲರಿ ನರಕ್ಕೆ ಬೇರೆಬೇರೆ ಔಷಧ ಹಾಕುತ್ತೇನೆ.

ಹಾಗೆಂದು ಬುಪಿವಕೇನ್ ಅನ್ನು ಬೀರುವಿನಿಂದ ಹೊರಗೆ ಹಾಕಿಲ್ಲ. ನನ್ನ ರೋಗಿಗಳಲ್ಲಿ ರೋಪಿವಕೇನ್ ಸಾಮಾನ್ಯವಾಗಿ 10ರಿಂದ 12 ಗಂಟೆ, ಬುಪಿವಕೇನ್ 14ರಿಂದ 16 ಗಂಟೆ ನಿಲ್ಲುವುದನ್ನು ಕಂಡಿದ್ದೇನೆ. ಬೆಳಿಗ್ಗೆ 10ಕ್ಕೆ ಕೊಟ್ಟ ರೋಪಿವಕೇನ್ ರಾತ್ರಿ 8ರಿಂದ 10ರೊಳಗೆ, ಮನೆಯವರು ಎಚ್ಚರವಿರುವಾಗ, ಗುಳಿಗೆ ಕೇಳಿದರೆ ಕೊಡುವವರಿರುವಾಗ ಇಳಿಯುತ್ತದೆ. ಅದೇ ಹೊತ್ತಿಗೆ ಕೊಟ್ಟ ಬುಪಿವಕೇನ್ ನಡುರಾತ್ರಿ ದಾಟಿ ಕೈಕೊಡುತ್ತದೆ. ಸಂಜೆ 6ರ ಅಪಘಾತದ ಕೇಸಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ: ಅಲ್ಲಿ ಬುಪಿವಕೇನ್ ರಾತ್ರಿಯೆಲ್ಲ ನಿದ್ದೆ ಕೊಟ್ಟು ಮರುದಿನ ರೌಂಡ್ಸ್ ಹೊತ್ತಿಗೆ ಇಳಿಯುತ್ತದೆ, ಆದ್ದರಿಂದ ಉಸಿರು ಗಟ್ಟಿಯಿದ್ದವರಿಗೆ 10 ಮಿಲಿ ಅದನ್ನೇ ಕೊಡುತ್ತೇನೆ. ರಕ್ತನಾಳಕ್ಕೆ 4 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಎರಡೂ ಇನ್ನಷ್ಟು ಗಂಟೆ ಮುಂದುವರಿಯುತ್ತವೆ, ಆಗ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ನಾನು ಅದನ್ನು ಕೊಡುವುದಿಲ್ಲ.

ಯಾವ ಔಷಧವಿದ್ದರೂ, ಅದು ರಕ್ತಕ್ಕೆ ಸೇರಿ ವಿಷವಾದರೆ ಕೊಡುವ ಕೊಬ್ಬಿನ ದ್ರಾವಣ, 20 ಶೇಕಡಾ ಲಿಪಿಡ್ ಎಮಲ್ಷನ್, ಕೈಗೆಟಕುವಂತೆ ಇರಲೇಬೇಕು. 50 ಕೆಜಿಯವರಿಗೆ ಮೊದಲ ಡೋಸ್ 75 ಮಿಲಿ ಎಂದು ಬಾಟಲಿಯ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, 25 ಡಿಗ್ರಿಯೊಳಗೆ ಇಡಬೇಕಾದ ಆ ಬಾಟಲಿಯನ್ನು ಸ್ಟೋರ್ ರೂಮಿನಲ್ಲಿ ಬಿಡದೆ ಎಸಿ ಇರುವ ಓಟಿಯೊಳಗೇ ಇರಿಸಿದ್ದೇವೆ.

ಬ್ಲಾಕ್ ಹತ್ತಿದೆಯೇ ಎಂದು ನೋಡಲು ಸ್ಪಿರಿಟ್ ಹತ್ತಿಯನ್ನು ಭುಜಕ್ಕೆ ತಾಗಿಸಿ ಥಂಡಿ ಅನಿಸುತ್ತದೆಯೇ ಎಂದು ಕೇಳುತ್ತೇನೆ, ನಂತರ ಕೈ ಎತ್ತಲು ಹೇಳುತ್ತೇನೆ. ಕಿರುಬೆರಳು ಅಲುಗಿದರೆ ಗಾಬರಿಪಡಬೇಕಾಗಿಲ್ಲ, ಅದರ ನರಮೂಲ ಕೆಳಗಿನದು, ಈ ಔಷಧ ಅಲ್ಲಿಗೆ ಹೆಚ್ಚಾಗಿ ತಲುಪುವುದಿಲ್ಲ.

ಈಗ ಪ್ರತಿ ರೋಗಿಯ ಫೈಲಿನ ಮೊದಲ ಹಾಳೆಯಲ್ಲಿ ಬ್ಲಾಕ್ ಕೊಟ್ಟ ಹೊತ್ತು, ಔಷಧದ ಹೆಸರು, ಅದು ಇಳಿಯಬಹುದಾದ ಹೊತ್ತು, ಅದಕ್ಕೆ 2 ಗಂಟೆ ಮೊದಲು ಕೊಡಬೇಕಾದ ನೋವಿನ ಗುಳಿಗೆ, ಇಷ್ಟನ್ನೂ ಕನ್ನಡದಲ್ಲಿ ಬರೆದು ಜೊತೆಗಿರುವವರಿಗೆ ಓದಿ ಹೇಳುತ್ತೇನೆ. ಕಳೆದ ವಾರ ಸೇಡಂ ಕಡೆಯ ಒಬ್ಬ ತಾಯಿ, ಮಗನ ಕೈ ಇನ್ನೂ ಜೋಮು ಹಿಡಿದಿರುವಾಗಲೇ, ರಾತ್ರಿ 7ಕ್ಕೆ ಆ ಹಾಳೆ ಹಿಡಿದು ಸಿಸ್ಟರ್ ಬಳಿ ಹೋಗಿ, "ಡಾಕ್ಟರ್ ಬರ್ದಿದ್ ಟೈಮ್ ಆಗ್ಯಾದ್ರಿ, ಗುಳಗಿ ಕೊಡ್ರಿ" ಎಂದು ಕೇಳಿ ಪಡೆದರಂತೆ. ಆ ರಾತ್ರಿ ವಾರ್ಡಿನಿಂದ ನನಗೆ ಫೋನ್ ಬರಲಿಲ್ಲ.