ದಿಮ್ಮಿ ಹೂತ ಏರುಮಡಿಯಲ್ಲಿ ಎಲೆ ಹಳದಿಯಾಗುವುದು ನಿಂತ ಬಗೆ

ಮರದ ದಿಮ್ಮಿಗಳನ್ನು ಹೂತು ಮಣ್ಣೇರಿಸಿದ್ದ ಮಡಿಯಲ್ಲಿ ಗಿಡಗಳ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತಿದ್ದವು; ಇದು ಸಾರಜನಕದ ಕೊರತೆಯ ಲಕ್ಷಣ. ನೀರು ಬಿದ್ದಲ್ಲೆಲ್ಲ ಮಣ್ಣು ಕುಸಿದು ಇಲಿಬಿಲದಂತಹ ತೂತುಗಳು ಬೀಳುತ್ತಿದ್ದವು. ನೀರನ್ನು ಹೆಚ್ಚಿಸಿದರೂ, ಮೇಲೆ ಯೂರಿಯಾ ಚೆಲ್ಲಿದರೂ ಅವೆರಡೂ ದಿಮ್ಮಿಗಳ ನಡುವಿನ ಪೊಳ್ಳಿಗೆ ಇಳಿದುಹೋದವು.

ಕೊನೆಗೆ ಮಡಿಯನ್ನು ಬಿಚ್ಚಿ, ತಳದಲ್ಲಿ ಅರೆಕೊಳೆತ ದಪ್ಪ ದಿಮ್ಮಿಗಳನ್ನೂ ಅವುಗಳ ಸಂದಿಗೆ ಸಣ್ಣ ಕೊಂಬೆಗಳನ್ನೂ ಇಟ್ಟು, ಸಡಿಲ ಮಣ್ಣು ಸುರಿದು, ಗುಳ್ಳೆ ಏಳುವುದು ನಿಲ್ಲುವವರೆಗೆ ನೀರು ಹಾಯಿಸುತ್ತ ಕೋಲಿನಿಂದ ತಿವಿದು ತುಂಬಿದೆ. ಬೇಸರದ ಕೆಲಸವಾದರೂ ಕುಸಿತ ನಿಂತದ್ದು ಇದರಿಂದಲೇ. ಅದರ ಮೇಲೆ 10 ಸೆಂ.ಮೀ. ಹಸಿ ಹುಲ್ಲು ಮತ್ತು ಸಗಣಿ, ನಂತರ 5 ಸೆಂ.ಮೀ. ಕಳಿತ ಕಾಂಪೋಸ್ಟ್, ಕೊನೆಗೆ 30 ಸೆಂ.ಮೀ. ಮಣ್ಣು. ಮರವನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕದ ಬಹುಪಾಲನ್ನು ಆ ಹಸಿ ಪದರದಿಂದಲೇ ಪಡೆಯುವುದರಿಂದ ಮೇಲಿನ ಬೇರುಗಳಿಗೆ ಕೊರತೆಯಾಗಲಿಲ್ಲ. ಮೊದಲ ಬೆಳೆಯಾಗಿ ಬೀನ್ಸ್ ಹಾಕಿದೆ. ಹೊಸ ಎಲೆಗಳು ಹಸಿರಾಗಿಯೇ ಬಂದವು.