ಸಿಪ್ಪೆ ಆರಿಸುವ ಮೊದಲು ನೀರು ನೋಡಿ: ತ್ಯಾಜ್ಯವಸ್ತು ಬಳಸಿ ನೀರಿನ ಭಾರಲೋಹ ತೆಗೆಯುವ ಬಗೆ

ಕಿತ್ತಳೆ ಸಿಪ್ಪೆ, ಮೊಟ್ಟೆಯ ಚಿಪ್ಪು, ಮರದ ಹೊಟ್ಟು, ಲೇತ್ ಕೆಳಗೆ ಬೀಳುವ ಕಬ್ಬಿಣದ ಸುರುಳಿ ಎಲ್ಲವೂ ಕಾರ್ಖಾನೆಯ ತ್ಯಾಜ್ಯನೀರಿನಿಂದ ಭಾರಲೋಹ ಹಿಡಿಯಬಲ್ಲವು. ಆದರೆ ಎಲ್ಲವೂ ಎಲ್ಲ ಲೋಹವನ್ನೂ ಹಿಡಿಯುವುದಿಲ್ಲ. ಪ್ರಯೋಗಾಲಯಕ್ಕೆ ಬಂದವರು "ಯಾವ ಸಿಪ್ಪೆ ಒಳ್ಳೆಯದು?" ಎಂದು ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು, ನಿಮ್ಮ ನೀರಿನಲ್ಲಿ ಏನಿದೆ ಎಂದು.

ಯಾವ ಲೋಹ, ಲೀಟರಿಗೆ ಎಷ್ಟು ಮಿಲಿಗ್ರಾಂ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಎಷ್ಟು ಎಂಬ ಮೂರು ವಿವರ ಕೈಯಲ್ಲಿರಲಿ. ಲೋಹ ಲೀಟರಿಗೆ ನೂರಾರು ಮಿಲಿಗ್ರಾಂ ಇದ್ದರೆ ಮೊದಲು ಸುಣ್ಣ ಹಾಕಿ ಸ್ಲಡ್ಜ್ (ಕೆಸರು) ಆಗಿ ತಳಕ್ಕಿಳಿಸಿ. ಸಿಪ್ಪೆಯ ಕೆಲಸ ಉಳಿದ ಅಲ್ಪಸ್ವಲ್ಪವನ್ನು ತೆಗೆಯುವುದು. ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹ ಲೇಪಿಸುವ ಕೆಲಸ) ತೊಳೆನೀರಾದರೆ ಸಯನೈಡ್ ಇದೆಯೇ ಎಂದು ನೋಡದೆ ಮುಂದೆ ಹೋಗಲೇಬೇಡಿ. ಅದಕ್ಕೆ ಆಮ್ಲ ತಾಗಿದರೆ ಏಳುವ ಅನಿಲ ಪ್ರಾಣ ತೆಗೆಯುತ್ತದೆ. ಪಿಎಚ್ 10ರ ಮೇಲಿಟ್ಟು ಹೈಪೋಕ್ಲೋರೈಟ್‌ನಿಂದ ಸಯನೈಡನ್ನು ನಾಶಮಾಡಿದ ನಂತರವೇ ಉಳಿದದ್ದು.

ಸೀಸ, ತಾಮ್ರ, ಕ್ಯಾಡ್ಮಿಯಂ ನೀರಿನಲ್ಲಿ ಧನ ಅಯಾನುಗಳಾಗಿ, ಅಂದರೆ ಧನ ವಿದ್ಯುದಂಶದ ಕಣಗಳಾಗಿ, ಇರುತ್ತವೆ. ಇವಕ್ಕೆ ಕಿತ್ತಳೆ ಸಿಪ್ಪೆ ನನ್ನ ಮೊದಲ ಆಯ್ಕೆ, ಏಕೆಂದರೆ ಅದರ ಅಂಟುಪದಾರ್ಥವಾದ ಪೆಕ್ಟಿನ್‌ನಲ್ಲಿರುವ ಕಾರ್ಬಾಕ್ಸಿಲ್ ಎಂಬ ರಾಸಾಯನಿಕ ಗುಂಪುಗಳು ಲೋಹವನ್ನು ಕಚ್ಚಿ ಹಿಡಿಯುತ್ತವೆ. ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ, ಬಣ್ಣ ಬಿಡುವುದು ನಿಲ್ಲುವವರೆಗೆ ಬಿಸಿನೀರಿನಲ್ಲಿ ತೊಳೆಯಿರಿ. ಈ ಹಂತದಲ್ಲಿ ಅವಸರ ಬೇಡ. ತೊಳೆಯದ ಸಿಪ್ಪೆ ಸಕ್ಕರೆ, ಬಣ್ಣ ಎಲ್ಲವನ್ನೂ ನೀರಿಗೆ ಬಿಟ್ಟು ಲೋಹದ ಜಾಗದಲ್ಲಿ ಸಾವಯವ ಮಾಲಿನ್ಯ ತಂದಿಡುತ್ತದೆ. ಒಣಗಿಸಿ, ಪುಡಿಮಾಡಿ, ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಕಾಳನ್ನು ಜರಡಿ ಹಿಡಿದಿಟ್ಟುಕೊಳ್ಳಿ. ನಂತರ ಲೀಟರಿಗೆ 4 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ. ಪೆಕ್ಟಿನ್‌ನ ಎಸ್ಟರ್ ಬಂಧ‌ಗಳು ಒಡೆದು ಲೋಹ ಹಿಡಿಯುವ ಜಾಗಗಳು ಹೆಚ್ಚುತ್ತವೆ. ಕೈಗವಸು, ಕನ್ನಡಕ ಇರಲಿ. ಕೊನೆಗೆ ತೊಳೆನೀರಿನ ಪಿಎಚ್ 7ರ ಹತ್ತಿರ ಬರುವವರೆಗೆ ಜಾಲಾಡಿಸಿ.

ಮೊದಲ ಪರೀಕ್ಷೆ ಶುದ್ಧ ನೀರಿನಲ್ಲಿ ಆಗಲಿ. ಭಟ್ಟಿ ಇಳಿಸಿದ ನೀರಿಗೆ ನಿಮ್ಮ ವಸ್ತುವನ್ನೇ ಹಾಕಿ ಕಲಕಿ, ಏನು ಹೊರಬಿತ್ತು ಎಂದು ಅಳೆಯಿರಿ. ಹಾರುಬೂದಿ ಬಳಸುವವರಿಗೆ ಇದು ಕಡ್ಡಾಯವೆಂದೇ ಹೇಳುತ್ತೇನೆ, ಏಕೆಂದರೆ ಕಲ್ಲಿದ್ದಲಿನ ಬೂದಿಯಲ್ಲೇ ಆರ್ಸೆನಿಕ್, ಸೀಸ ಇರಬಹುದು.

ಆಮೇಲೆ ನಿಜವಾದ ನೀರು. 100 ಮಿಲಿಲೀಟರ್ ತೆಗೆದು ಪಿಎಚ್ 5ಕ್ಕೆ ತನ್ನಿ. 3ಕ್ಕಿಂತ ಕೆಳಗಿದ್ದರೆ ಹೈಡ್ರೋಜನ್ ಅಯಾನುಗಳೇ ಸಿಪ್ಪೆಯ ಜಾಗ ಹಿಡಿಯುತ್ತವೆ. ತೀರಾ ಮೇಲೆ ಹೋದರೆ ಲೋಹ ಹೈಡ್ರಾಕ್ಸೈಡ್ ಆಗಿ ತಾನೇ ತಳಕ್ಕಿಳಿದು, ಸಿಪ್ಪೆ ಎಷ್ಟು ಹಿಡಿಯಿತೆಂಬ ಲೆಕ್ಕ ತಪ್ಪುತ್ತದೆ. ಬೇರೆಬೇರೆ ಫ್ಲಾಸ್ಕ್‌ಗಳಲ್ಲಿ 0.1, 0.2, 0.5 ಗ್ರಾಂ ಪುಡಿ ಹಾಕಿ ಎರಡು ಗಂಟೆ ಕಲಕಿ, ಸೋಸಿ, ಲೋಹ ಅಳೆಸಿ. ಲೀಟರಿಗೆ 50 ಮಿಲಿಗ್ರಾಂ ಇದ್ದ ಸೀಸ 0.2 ಗ್ರಾಂ ಪುಡಿಯಿಂದ 2ಕ್ಕೆ ಇಳಿಯಿತು ಎನ್ನೋಣ. ಆಗ ಗ್ರಾಂ ಪುಡಿ ಹಿಡಿದದ್ದು 24 ಮಿಲಿಗ್ರಾಂ, ಅಂದರೆ ಸಾವಿರ ಲೀಟರಿಗೆ 2 ಕಿಲೋ ಪುಡಿ. ಇನ್ನೂ ಕೆಳಗಿಳಿಸಬೇಕಾದರೆ ಇದೇ ಅನುಪಾತ ಸಾಲದು. ಲೋಹ ತೆಳುವಾದಷ್ಟೂ ಗ್ರಾಂ ಪುಡಿ ಹಿಡಿಯುವ ಪ್ರಮಾಣವೂ ಇಳಿಯುತ್ತದೆ.

ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಆಮ್ಲವನ್ನು ತಣಿಸಿ ಪಿಎಚ್ ಏರಿಸುತ್ತದೆ, ಹಾಗಾಗಿ ಆಮ್ಲೀಯ ನೀರಿನ ಸೀಸ, ತಾಮ್ರಕ್ಕೆ ಚೆನ್ನ. ನಿಕ್ಕಲ್ ಪೂರ್ತಿ ಇಳಿಯಲು ಪಿಎಚ್ 10ರ ಆಸುಪಾಸು ಬೇಕು. ಚಿಪ್ಪು ಅಲ್ಲಿಯವರೆಗೆ ಏರಿಸುವುದಿಲ್ಲ.

ನೀರಿಗೆ ಹಳದಿ ಬಣ್ಣ ಕೊಡುವ ಷಡ್ವೇಲೆನ್ಸಿ ಕ್ರೋಮಿಯಂನ ದಾರಿಯೇ ಬೇರೆ. ಅದು ಋಣ ಅಯಾನು, ಮೇಲಿನ ಕ್ರಮದಲ್ಲಿ ಸಿಪ್ಪೆಗೆ ಸಿಕ್ಕುವುದಿಲ್ಲ. ಕಬ್ಬಿಣದ ಸುರುಳಿಗಳ ಎಣ್ಣೆಯನ್ನು ಮಾರ್ಜಕದಿಂದ ಚೆನ್ನಾಗಿ ತೊಳೆದು, ಪಿಎಚ್ 2ರಿಂದ 3ರಲ್ಲಿ ನೀರಿನ ಜೊತೆ ಕಲಕಿ. ಕಬ್ಬಿಣ ಅದನ್ನು ತ್ರಿವೇಲೆನ್ಸಿ ರೂಪಕ್ಕೆ ಇಳಿಸುತ್ತದೆ, ಹಳದಿ ಬಣ್ಣ ಮಾಯವಾಗುತ್ತದೆ. ಕಣ್ಣನ್ನು ನಂಬದೆ, ಷಡ್ವೇಲೆನ್ಸಿ ರೂಪ ಉಳಿದಿದೆಯೇ ಎಂದು ತೋರಿಸುವ ಡೈಫಿನೈಲ್‌ಕಾರ್ಬಜೈಡ್ ಪರೀಕ್ಷೆ ಮಾಡಿ. ಬಳಿಕ ಪಿಎಚ್ 8.5ಕ್ಕೆ ಏರಿಸಿದರೆ ಕ್ರೋಮಿಯಂ, ಕಬ್ಬಿಣ ಎರಡೂ ಸ್ಲಡ್ಜ್ ಆಗಿ ಕೂರುತ್ತವೆ. ಆಮ್ಲದಲ್ಲಿ ಕಬ್ಬಿಣ ಹೈಡ್ರೋಜನ್ ಬಿಡುವುದರಿಂದ ಗಾಳಿಯಾಡುವ ಜಾಗ ಬೇಕು, ಬೆಂಕಿ ಹತ್ತಿರ ಸುಳಿಯಬಾರದು.

ಸಿಪ್ಪೆಪುಡಿಯನ್ನು ದಿನವೂ ಬಳಸುವುದಾದರೆ ಎರಡು ಕಾಲಂ (ನೀರು ಹಾಯುವಂತೆ ಪುಡಿ ತುಂಬಿದ ಕೊಳವೆ) ಸಾಲಾಗಿ ಜೋಡಿಸಿ. ಮೊದಲನೆಯದರಿಂದ ಲೋಹ ನುಸುಳಲು ಶುರುವಾದಾಗ ಅದನ್ನು ತೆಗೆದು, ಎರಡನೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಇಡಿ. ತೆಗೆದ ಪುಡಿಯನ್ನು 0.1 ಮೋಲಾರ್‌ನಷ್ಟು ತೆಳುವಾದ ಆಮ್ಲದಲ್ಲಿ ತೊಳೆದರೆ ಬಹುಪಾಲು ಲೋಹ ಸಣ್ಣ ಪ್ರಮಾಣದ ದ್ರಾವಣದಲ್ಲಿ ಸಾಂದ್ರವಾಗಿ ಸಿಗುತ್ತದೆ. ಸೀಸಕ್ಕೆ ನೈಟ್ರಿಕ್ ಆಮ್ಲವೇ ಸರಿ, ಗಂಧಕಾಮ್ಲದಲ್ಲಿ ಅದು ಕರಗದ ಸಲ್ಫೇಟ್ ಆಗಿ ಉಳಿದುಬಿಡುತ್ತದೆ. ಇಲ್ಲಿ ಲೋಹ ನಾಶವಾಗುವುದಿಲ್ಲ, ನೀರಿನಿಂದ ಸಿಪ್ಪೆಗೆ ಬರುತ್ತದೆ ಅಷ್ಟೆ. ಹಾಗಾಗಿ ದುಡಿದು ಸೋತ ಪುಡಿಯನ್ನು ಗೊಬ್ಬರದ ಗುಂಡಿಗೆ ಹಾಕಬಾರದು, ಬಯಲಲ್ಲಿ ಸುಡಲೂ ಬಾರದು. ಕ್ಯಾಡ್ಮಿಯಂ ಹೊಗೆಯ ಜೊತೆ ಏಳುತ್ತದೆ. ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿ, ಯಾವ ಲೋಹವೆಂದು ಬರೆದಂಟಿಸಿ, ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೆ ಒಪ್ಪಿಸಿ. ಅಂಥವರು ಯಾರೆಂದು ಮೊದಲ ಕಾಲಂ ತುಂಬುವ ಮುಂಚೆಯೇ ಗೊತ್ತುಮಾಡಿಕೊಂಡಿರಿ.